ಮುಳುಗಿದ ಊರಿನಲ್ಲಿ ಲೋಕಾಂತ್ಯದ ಆಟ

ಲೋಕ ಮುಗಿದ ಮೇಲೆ ಉಳಿದವರು ಹೇಗೆ ಬದುಕುತ್ತಾರೆ ಎಂಬುದನ್ನೇ ಆಟ ಮಾಡಿ, ಪೆಟ್ಟಿಗೆಯಲ್ಲಿಟ್ಟು ಮಾರುವ ಪದ್ಧತಿ ಅಮೆರಿಕದಲ್ಲಿ ಶುರುವಾಗಿ ಹತ್ತಿರ ಹತ್ತಿರ ಐವತ್ತು ವರ್ಷಗಳಾಗುತ್ತ ಬಂದವು. 1978ರಲ್ಲಿ ‘ಗಾಮಾ ವರ್ಲ್ಡ್’ ಎಂಬ ಆಟ ಬಂತು. ಅದರಲ್ಲಿ ವಿಕಿರಣದಿಂದ ರೂಪಗೆಟ್ಟ ಮನುಷ್ಯರು, ಮಾತಾಡುವ ಪ್ರಾಣಿಗಳು ಹಳೆಯ ಜಗತ್ತಿನ ಯಂತ್ರಗಳನ್ನು ಹುಡುಕುತ್ತ ಅಲೆಯುತ್ತಾರೆ. 1984ರಲ್ಲಿ ‘ಟ್ವಿಲೈಟ್: 2000’ ಬಂತು. ಇದರಲ್ಲಿ ಅಂಥ ಮಾಯಾಮಂತ್ರ ಏನೂ ಇಲ್ಲ. ಮೂರನೆಯ ಮಹಾಯುದ್ಧ ಆಗಿದೆ, ಅಣುಬಾಂಬುಗಳು ಬಿದ್ದಿವೆ, ಸೇನೆಗಳು ಚದುರಿಹೋಗಿವೆ. ಪೋಲೆಂಡಿನ ನಡುವೆ ಸಿಕ್ಕಿಬಿದ್ದ ನಾಲ್ಕಾರು ಸಿಪಾಯಿಗಳು ಹೇಗೋ ಜೀವ ಉಳಿಸಿಕೊಂಡು ದಾರಿ ಹುಡುಕಬೇಕು. ಅನ್ನ, ನೀರು, ಇಂಧನ, ಗುಂಡು ಇವುಗಳದ್ದೇ ಲೆಕ್ಕ. ಈ ಎರಡನೆಯ ಆಟದ ನಾಲ್ಕನೆಯ ಆವೃತ್ತಿಯನ್ನು ಸ್ವೀಡನ್ನಿನ ‘ಫ್ರೀ ಲೀಗ್’ ಎಂಬ ಪ್ರಕಾಶನದವರು 2021ರಲ್ಲಿ ಹೊರತಂದರು. ಆ ಪೆಟ್ಟಿಗೆಯ ಬಗ್ಗೆ ಎರಡು ಮಾತು ಬರೆಯಬೇಕೆನಿಸಿದೆ. ಬರೆಯಲು ನಿನಗೇನು ಹಕ್ಕು ಎಂದು ಯಾರಾದರೂ ಕೇಳಿದರೆ, ಮುಳುಗಡೆಯ ಊರಿನವನು ಎಂಬುದಷ್ಟೇ ನನ್ನ ಉತ್ತರ.

ಇಂಥ ಆಟ ಮಾಡುವವರಿಗೆ ಒಂದು ವಿಚಿತ್ರ ತೊಂದರೆಯಿದೆ. ಅವರು ಹೇಳಿದ ಹೊತ್ತಿಗೆ ಲೋಕ ಮುಗಿಯುವುದಿಲ್ಲ. 1984ರಲ್ಲಿ ಈ ಆಟ ಬರೆದವರಿಗೆ ಸೋವಿಯತ್ ಒಕ್ಕೂಟ ಬಂಡೆಗಲ್ಲಿನ ಹಾಗೆ ಕಂಡಿತ್ತು. 1991ರ ಕೊನೆಗೆ ಆ ಒಕ್ಕೂಟವೇ ಇಲ್ಲವಾಯಿತು. 2000ನೇ ಇಸವಿಯೂ ಬಂದು ಹೋಯಿತು. ಹೀಗಾಗಿ ಹೊಸ ಆವೃತ್ತಿಯವರು ಇತಿಹಾಸವನ್ನೇ ಸ್ವಲ್ಪ ತಿರುವಿದ್ದಾರೆ. 1991ರ ಆಗಸ್ಟಿನಲ್ಲಿ ಮಾಸ್ಕೋದಲ್ಲಿ ಗೋರ್ಬಚೇವರ ವಿರುದ್ಧ ನಡೆದ ಕ್ಷಿಪ್ರಕ್ರಾಂತಿ ನಿಜದಲ್ಲಿ ಮೂರೇ ದಿನಕ್ಕೆ ಕುಸಿಯಿತು. ಆಟದಲ್ಲಿ ಅದು ಗೆಲ್ಲುತ್ತದೆ, ಅಲ್ಲಿಂದ ಮುಂದೆ ಯುದ್ಧ. ಗಾಮಾ ವರ್ಲ್ಡಿನವರು 2010ರ ಆವೃತ್ತಿಯಲ್ಲಿ ಇನ್ನೂ ಸುಲಭದ ದಾರಿ ಹಿಡಿದರು. ಜಿನೀವಾದ ಹತ್ತಿರ ನೆಲದಡಿಯಲ್ಲಿರುವ ಹ್ಯಾಡ್ರನ್ ಕೊಲೈಡರ್ ಯಂತ್ರದಿಂದ ಎಲ್ಲ ಲೋಕಗಳೂ ಒಂದರೊಳಗೊಂದು ಕಲಸಿಹೋದವು ಎಂದುಬಿಟ್ಟರು. ಅದರಲ್ಲಿ ದಾಳ ಎಸೆದರೆ ನೀವು ಜಿರಲೆಯೂ ಆಗಬಹುದು, ಇಲಿಗಳ ಹಿಂಡೂ ಆಗಬಹುದು. ಮನುಷ್ಯನಾಗಬೇಕಾದರೆ ಎರಡು ಸಲವೂ ಒಂದೇ ಸಂಖ್ಯೆ ಬೀಳಬೇಕು. ಮನುಷ್ಯನಾಗುವುದು ಅಷ್ಟು ಕಷ್ಟ ಎಂಬುದು ತಮಾಷೆಗೆ ಹೇಳಿದ್ದಾದರೂ ಸುಳ್ಳೆನಿಸಲಿಲ್ಲ.

ಇದನ್ನು ಹೇಗೆ ಆಡುತ್ತಾರೆ ಎಂದು ಹೇಳಬೇಕು. ಕಂಪ್ಯೂಟರ್ ಬೇಡ, ಕರೆಂಟೂ ಬೇಡ. ನಾಲ್ಕೈದು ಜನ ಮೇಜಿನ ಸುತ್ತ ಅಥವಾ ಚಾಪೆಯ ಮೇಲೆ ಕೂರುತ್ತಾರೆ. ಒಬ್ಬ ಆಟ ನಡೆಸುವವನು, ಉಳಿದವರು ಪಾತ್ರಧಾರಿಗಳು. ನಮ್ಮ ಕಡೆಯ ಶ್ರೀಕೃಷ್ಣ ಪಾರಿಜಾತ ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ಅಲ್ಲಿ ಭಾಗವತ ಪಾತ್ರವನ್ನು ತಡೆದು ನಿಲ್ಲಿಸಿ, ನೀ ಯಾರು, ಎಲ್ಲಿಂದ ಬಂದಿ, ಯಾಕ ಬಂದಿ ಎಂದು ಕೆದಕಿ ಕೇಳುತ್ತಾನೆ. ಪಾತ್ರ ತನ್ನ ಬಾಯಿಂದಲೇ ತನ್ನ ಕತೆ ಹೇಳಬೇಕು. ಇಲ್ಲಿಯೂ ಅಷ್ಟೇ. ಆಟ ನಡೆಸುವವನು “ಮುಂದೆ ಮುರಿದ ಸೇತುವೆ ಇದೆ, ಆಚೆ ದಂಡೆಯಲ್ಲಿ ಹೊಗೆ ಕಾಣತದ, ಏನು ಮಾಡತೀರಿ?” ಎನ್ನುತ್ತಾನೆ. ಮಾಡುವುದನ್ನು ಪಾತ್ರಧಾರಿ ಹೇಳುತ್ತಾನೆ. ಆಗುವುದೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. ಪಾರಿಜಾತದಲ್ಲಿ ಕೊನೆ ಎಲ್ಲರಿಗೂ ಗೊತ್ತಿರುತ್ತದೆ, ಇದರಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ವ್ಯತ್ಯಾಸ ಅಷ್ಟೇ.

ಪೆಟ್ಟಿಗೆ ನಮ್ಮ ಮನೆಗೆ ಬಂದದ್ದು ತಂಗಿಯ ಮಗನ ಕೈಯಲ್ಲಿ. ಬೆಂಗಳೂರಿನಲ್ಲಿ ಕೆಲಸ ಮಾಡುವ ಹುಡುಗ. ಹಬ್ಬಕ್ಕೆಂದು ನವನಗರಕ್ಕೆ ಬಂದಾಗ ತನ್ನ ಜೊತೆ ಇಂಜಿನಿಯರಿಂಗ್ ಓದಿದ ಮೂವರು ಗೆಳೆಯರನ್ನು ಕರೆಸಿಕೊಂಡ. ಒಬ್ಬ ಬಾದಾಮಿಯವನು, ಒಬ್ಬ ಹುನಗುಂದದವನು, ಇನ್ನೊಬ್ಬ ಇಳಕಲ್ಲಿನ ನೇಕಾರರ ಮನೆಯವನು. ಸುರಕುಂಬಾ ಕುಡಿದು ಹಾಲಿನಲ್ಲಿ ಚಾಪೆ ಹಾಸಿದವರು ಮರುದಿನ ಸಂಜೆಯತನಕ ಏಳಲಿಲ್ಲ. ನಾನು ಮೊದಲು ಬಾಗಿಲಲ್ಲಿ ನಿಂತು ನೋಡಿದೆ, ಆಮೇಲೆ ಕುರ್ಚಿ ಎಳೆದುಕೊಂಡೆ, ಆಮೇಲೆ ಕನ್ನಡಕ ತರಿಸಿ ನಿಯಮದ ಪುಸ್ತಕವನ್ನೇ ಓದಿದೆ.

ಪಕ್ಕದ ಮನೆಯ ಹಿರಿಯರೊಬ್ಬರು ಈದ್ ಮುಬಾರಕ್ ಹೇಳಲು ಬಂದವರು ಇದನ್ನು ಕಂಡು ಮುಖ ಸಿಂಡರಿಸಿದರು. ಖಯಾಮತ್ ಆಟದ ಸಾಮಾನೇ ಎಂದರು. ಅವರ ಮಾತಿನಲ್ಲಿ ಕಾಳಜಿ ಇತ್ತು, ಆದರೆ ನನಗೆ ಅದು ಸರಿ ಅನಿಸಲಿಲ್ಲ. ನಾವು ನಂಬುವ ಖಯಾಮತ್ ಆದ ಮೇಲೆ ಡೀಸೆಲ್ ಹುಡುಕಿಕೊಂಡು ಹೋಗುವವರು ಯಾರೂ ಇರುವುದಿಲ್ಲ. ಅಲ್ಲಿ ಉಳಿಯುವುದು ಹಿಸಾಬು ಒಂದೇ. ಈ ಆಟದವರು ಲೋಕಾಂತ್ಯ ಎನ್ನುವುದು ಮನುಷ್ಯರು ಮನುಷ್ಯರಿಗೆ ಮಾಡಿದ್ದನ್ನು. ಅದು ಈ ಭೂಮಿಯ ಮೇಲೆ ಎಷ್ಟೋ ಊರುಗಳಿಗೆ ಎಷ್ಟೋ ಸಲ ಆಗಿದೆ. ಅದರ ಬಗ್ಗೆ ಆಡಬಾರದು ಎಂದರೆ ಕತೆಯನ್ನೂ ಬರೆಯಬಾರದು ಎಂದಾಗುತ್ತದೆ.

ಪುಸ್ತಕದಲ್ಲಿ ನನಗೆ ಹಿಡಿಸಿದ್ದನ್ನು ಮೊದಲು ಹೇಳುತ್ತೇನೆ. ಈ ಆವೃತ್ತಿ ಹೊಟ್ಟೆಯನ್ನು ಮರೆತಿಲ್ಲ. ದಿನವನ್ನು ನಾಲ್ಕು ಪಾಳಿ ಮಾಡಿದ್ದಾರೆ. ಒಂದು ಪಾಳಿ ನಡೆದರೆ ಇನ್ನೊಂದು ಪಾಳಿಯಲ್ಲಿ ಯಾರಾದರೂ ಕಾವಲು ಕೂರಬೇಕು, ಯಾರಾದರೂ ಮಲಗಲೇಬೇಕು. ಒಂದು ದಿನಕ್ಕೆ ಒಬ್ಬನಿಗೆ ಇಷ್ಟು ಊಟ, ಇಷ್ಟು ಕುಡಿಯುವ ನೀರು ಎಂದು ಲೆಕ್ಕ ಬರೆದಿಡಬೇಕು. ವಿಕಿರಣ ಮೈಯಲ್ಲಿ ಸೇರುತ್ತ ಹೋಗುತ್ತದೆ. ಸಿನಿಮಾದ ಹೀರೋ ಒಬ್ಬನೇ ಐವತ್ತು ಜನರನ್ನು ಹೊಡೆದುಹಾಕಿದಂತೆ ಇಲ್ಲಿ ನಡೆಯುವುದಿಲ್ಲ. ಒಂದು ಗುಂಡು ತಾಗಿದರೂ ಸಾಯಬಹುದು. ಹಳೆಯ ಆವೃತ್ತಿಗಳಲ್ಲಿ ಕೋಷ್ಟಕಗಳು ಬಹಳವಿದ್ದವಂತೆ, ಅವುಗಳನ್ನು ಆಡಿ ಬೆಳೆದವರಲ್ಲಿ ಕೆಲವರಿಗೆ ಇದು ಹಗುರವಾಯಿತು ಎನಿಸಿದೆ. ಲೆಕ್ಕದ ಹೊರೆ ಇಳಿದದ್ದು ಒಳ್ಳೆಯದೇ ಎಂದು ನನಗನಿಸಿತು. ಹಸಿವಿನ ಲೆಕ್ಕ ಉಳಿದಿದೆಯಲ್ಲ, ಸಾಕು. ಪ್ರತಿ ಪಾತ್ರಕ್ಕೂ ಒಂದು ನೀತಿ, ಒಂದು ದೊಡ್ಡ ಕನಸು, ಒಬ್ಬ ಜೊತೆಗಾರ ಇರಬೇಕು ಎಂಬ ನಿಯಮವೂ ಚೆನ್ನಾಗಿದೆ. ಎಲ್ಲ ಮುಗಿದ ಮೇಲೂ ಕನಸು ಬರೆಯದೆ ಆಟಕ್ಕೆ ಸೇರಿಸಿಕೊಳ್ಳುವುದಿಲ್ಲ.

ಇನ್ನೊಂದು ಸಂಗತಿ ಸೋಜಿಗದ್ದು. ಮನುಷ್ಯನಿಗೆ ನಾಲ್ಕು ಗುಣ ಕೊಟ್ಟಿದ್ದಾರೆ. ಬಲ, ಚುರುಕುತನ, ಬುದ್ಧಿ, ನಾಲ್ಕನೆಯದು ಪರರ ನೋವು ತಿಳಿಯುವ ಶಕ್ತಿ. ನೋಡಿ ಖುಷಿಯಾಯಿತು. ಆಮೇಲೆ ಒಂದೊಂದು ಗುಣದ ಕೆಳಗೆ ಮೂರು ಮೂರು ಕೌಶಲಗಳಂತೆ ಒಟ್ಟು ಹನ್ನೆರಡು. ನಾಲ್ಕನೆಯ ಗುಣದ ಕೆಳಗೆ ಏನಿದೆ ಎಂದು ನೋಡಿದರೆ, ಹುಕುಂ ಮಾಡುವುದು, ಮಾತಿನಿಂದ ಒಪ್ಪಿಸುವುದು, ಗಾಯಕ್ಕೆ ಔಷಧ ಹಚ್ಚುವುದು. ಇಷ್ಟೇ. ಕೂತು ಕೇಳಿಸಿಕೊಳ್ಳುವುದು ಇಲ್ಲ. ಸಿಪಾಯಿಗೆ ಪರರ ನೋವು ಎಷ್ಟು ಉಪಯೋಗಕ್ಕೆ ಬರುತ್ತದೋ ಅಷ್ಟನ್ನೇ ಲೆಕ್ಕಕ್ಕೆ ಹಿಡಿದಿದ್ದಾರೆ.

ನನ್ನ ತಕರಾರು ಶುರುವಾಗುವುದು ಇಲ್ಲಿಂದಲೇ. ಪೆಟ್ಟಿಗೆಯಲ್ಲಿ ದೊಡ್ಡ ನಕಾಶೆಯೊಂದಿದೆ. ಒಂದು ಕಡೆ ಪೋಲೆಂಡ್, ಹಿಂದಿನ ಕಡೆ ಸ್ವೀಡನ್. ನಕಾಶೆಯ ತುಂಬ ಜೇನುಗೂಡಿನಂಥ ಆರು ಮೂಲೆಯ ಮನೆಗಳು, ಒಂದೊಂದು ಮನೆ ಹತ್ತು ಕಿಲೋಮೀಟರು. ನೀವು ಒಂದು ಮನೆಯಿಂದ ಇನ್ನೊಂದು ಮನೆಗೆ ದಾಟಿದಾಗ ಐವತ್ತೆರಡು ಎಲೆಗಳ ಕಟ್ಟಿನಿಂದ ಒಂದನ್ನು ತೆಗೆಯಬೇಕಾಗಿ ಬರುತ್ತದೆ. ಆ ಎಲೆ ಹೇಳಿದ್ದು ಎದುರಾಗುತ್ತದೆ. ಅಲ್ಲೇ ಹುಟ್ಟಿ ಅಲ್ಲೇ ಬೆಳೆದು, ಯುದ್ಧ ಬೇಡ ಎಂದಿದ್ದ ಪೋಲಿಷ್ ರೈತ ಈ ಆಟದಲ್ಲಿ ಒಂದು ಎಲೆಯಾಗಿ ಬಂದು ಎಲೆಯಾಗಿ ಹೋಗುತ್ತಾನೆ. ಊರು ಅವನದು, ಕತೆ ಮಾತ್ರ ಹೊರಗಿನಿಂದ ಬಂದ ಸಿಪಾಯಿಯದು. ಬೇಕಾದರೆ ಊರಿನವನ ಪಾತ್ರವನ್ನೂ ಮಾಡಬಹುದು ಎಂದು ಪುಸ್ತಕ ಅನುಮತಿ ಕೊಡುತ್ತದೆ ನಿಜ. ಆದರೆ ಪೆಟ್ಟಿಗೆಯ ತುಂಬ ಇರುವುದು ಬಂದೂಕಿನ ಹೆಸರುಗಳು. ಈ ಆವೃತ್ತಿ ಬಂದ ಮರುವರ್ಷವೇ, 2022ರ ಫೆಬ್ರವರಿಯಲ್ಲಿ, ರಷ್ಯಾ ಉಕ್ರೇನಿನೊಳಗೆ ನುಗ್ಗಿತು. ನಕಾಶೆಯ ಆ ಪೋಲೆಂಡಿನೊಳಕ್ಕೆ ಲಕ್ಷಾಂತರ ಹೆಂಗಸರು, ಮಕ್ಕಳು ಚೀಲ ಹಿಡಿದು ಗಡಿ ದಾಟಿ ಬಂದರು. 2023ರ ಅಕ್ಟೋಬರಿನ ನಂತರ ಗಾಝಾದ ಚಿತ್ರಗಳನ್ನು ನಾವೆಲ್ಲ ಮೊಬೈಲಿನಲ್ಲಿ ನೋಡಿದ್ದೇವೆ. ಹಾಳುಬಿದ್ದ ಮನೆಗಳ ನಡುವೆ ಡಬ್ಬಿ ಹುಡುಕುವ ಆಟ ಆಮೇಲೆ ಮೊದಲಿನ ಹಾಗೆ ಆಗಲಿಲ್ಲ ಎಂದು ತಂಗಿಯ ಮಗ ತಾನಾಗಿಯೇ ಹೇಳಿದ.

ಅದಕ್ಕೇ ಅವರು ನಕಾಶೆ ಬದಲಿಸಿದ್ದರು. ಪೋಲೆಂಡನ್ನು ಮಡಚಿಟ್ಟು, ಬಾಗಲಕೋಟೆ ಜಿಲ್ಲೆಯದೇ ಒಂದು ನಕಾಶೆ ಮಾಡಿಕೊಂಡಿದ್ದರು. ಹಾಳೆಗೆ ಹಾಳೆ ಅಂಟಿಸಿ, ಸ್ಕೆಚ್ ಪೆನ್ನಿನಲ್ಲಿ ಜೇನುಗೂಡು ಬರೆದು, ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಎಂದು ನಾಲ್ಕು ಊರು ಗುರುತು ಮಾಡಿದ್ದರು. ಬಾದಾಮಿಗೆ ನಾಲ್ಕು ಮನೆ ದಾಟಬೇಕು. ಹುನಗುಂದ, ಇಳಕಲ್ ಒಂದಕ್ಕೊಂದು ಅಂಟಿಕೊಂಡ ಮನೆಗಳು. ಮಲಪ್ರಭಾ, ಘಟಪ್ರಭಾ, ಕೃಷ್ಣಾ ನೀಲಿ ಬಣ್ಣದಲ್ಲಿದ್ದವು. ಅಣುಬಾಂಬು ಎಲ್ಲಿ ಬೀಳಿಸಬೇಕು ಎಂದು ಚರ್ಚೆ ನಡೆದಿತ್ತು.

ನಮ್ಮ ಅಮ್ಮಾ ತಸ್ಬೀ ಹಿಡಿದುಕೊಂಡು ಪಕ್ಕದಲ್ಲೇ ಕೂತಿದ್ದಳು. ಮನೆಯೊಳಗಿನ ನಮ್ಮ ಮಾತು ದಖನಿ. ಗೆಳೆಯರು ಇದ್ದದ್ದರಿಂದ ಅವಳೂ ಕನ್ನಡದಲ್ಲೇ ಕೇಳಿದಳು.

“ಏನ್ ಬರೀಲಿಕತ್ತೀರಪಾ ಅದು?”

“ನಾನಿ, ಇದು ನಮ್ಮ ಜಿಲ್ಲಾ. ಎಲ್ಲಾ ಹಾಳಾಗಿ ಹೋಗೇತಿ. ಉಳಿದಾವ್ರು ನಾವು ನಾಕ ಮಂದಿ.”

“ಯಾವಾಗ ಹಾಳಾತು? ಡ್ಯಾಮ್ ಕಟ್ಟಿದಾಗೇನು?”

ಹುಡುಗರು ಒಬ್ಬರ ಮುಖ ಒಬ್ಬರು ನೋಡಿದರು. ಅವಳು ತಮಾಷೆ ಮಾಡಿರಲಿಲ್ಲ. ಬೆರಳು ನಕಾಶೆಯ ಮೇಲೆ ಓಡಾಡಿತು. “ಇದರಾಗ ನಮ್ಮೂರ ಖಬರಸ್ತಾನ ಎಲ್ಲಿ?” ಎಂದಳು.

ಅವಳ ತವರು ಘಟಪ್ರಭೆಯ ದಂಡೆಯ ಒಂದು ಹಳ್ಳಿ. ಆಲಮಟ್ಟಿಯ ಹಿನ್ನೀರು ಘಟಪ್ರಭೆಯೊಳಗೆ ಹಿಂದಕ್ಕೆ ಏರಿ ಬಂದಾಗ ಆ ಊರೂ ಹೋಯಿತು, ಹಳೆ ಬಾಗಲಕೋಟೆಯ ತಗ್ಗಿನ ಓಣಿಗಳೂ ಹೋದವು. ಅವಳ ಪಾಲಿಗೆ ಎರಡೂ ಮನೆ ನೀರಿನಲ್ಲಿವೆ, ಹುಟ್ಟಿದ್ದೂ ಸೇರಿದ್ದೂ. ಮನೆಯ ತೊಲೆ, ಬಾಗಿಲು, ಬೀಸುವ ಕಲ್ಲು ಬಂಡಿಯಲ್ಲಿ ಹೇರಿಕೊಂಡು ಬಂದರು. ಗೋರಿಗಳನ್ನು ಹೇರಿಕೊಂಡು ಬರಲಾಗುವುದಿಲ್ಲ. ಕಾಲಿನಲ್ಲಿ ಶಕ್ತಿ ಇರುವತನಕ ಷಬೇ ಬರಾತಿನ ಸಂಜೆ ಯಾರದಾದರೂ ಗಾಡಿಯಲ್ಲಿ ಹಿನ್ನೀರಿನ ಅಂಚಿಗೆ ಹೋಗಿ, ನೀರಿನ ಕಡೆ ಮುಖ ಮಾಡಿ ತನ್ನ ಅಪ್ಪನಿಗೆ ಫಾತಿಹಾ ಓದಿ ಬರುತ್ತಿದ್ದಳು. ಎಲ್ಲಿ ಎಂದು ನಿಖರವಾಗಿ ಗೊತ್ತಿಲ್ಲ. ಬೇಸಿಗೆಯಲ್ಲಿ ನೀರು ಸರಿದಾಗ ಕಾಣುವ ಗೋಡೆಯ ಮೋಟುಗಳಿಂದ ಅಂದಾಜು. ಅದೇ ಅಂಚಿನಲ್ಲಿ ಬೇರೆ ದಿನಗಳಲ್ಲಿ ಬೇರೆಯವರು ತಮ್ಮ ಊರದೇವರ ಹೆಸರಿನಲ್ಲಿ ಕಾಯಿ ಒಡೆಯುವುದನ್ನು ನಾನೇ ನೋಡಿದ್ದೇನೆ.

ಬಾಗಲಕೋಟೆಯ ಲೋಕಾಂತ್ಯ ಸದ್ದು ಮಾಡಿಕೊಂಡು ಬರಲಿಲ್ಲ. ಆಟದ ಪುಸ್ತಕ ಬರೆದವರಿಗೆ ಇದು ತಿಳಿಯಬೇಕಾದ ಮಾತು. 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿ ಆಲಮಟ್ಟಿಯಲ್ಲಿ ಅಡಿಗಲ್ಲು ಹಾಕಿದರು. 1983ರಲ್ಲಿ ಬಾಗಲಕೋಟೆ ಪಟ್ಟಣಾಭಿವೃದ್ಧಿ ಪ್ರಾಧಿಕಾರಕ್ಕಾಗಿ ಕಾಯಿದೆ ಆಯಿತು. ಹೊಸ ಊರಿನ ನಕ್ಷೆಯನ್ನು ದೇಶದ ದೊಡ್ಡ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಮಾಡಿದರು. 1997ರ ಆಗಸ್ಟಿನಲ್ಲಿ ಮುಳುಗುವ ಊರೇ ಜಿಲ್ಲಾ ಕೇಂದ್ರವಾಯಿತು. 2000ದ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು ನೀರು ನಿಲ್ಲಿಸುವ ಮಟ್ಟ 519.60 ಮೀಟರ್ ಎಂದಿತು. 2006ರ ಆಗಸ್ಟಿನಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಬಂದು ಅಣೆಕಟ್ಟನ್ನು ದೇಶಕ್ಕೆ ಅರ್ಪಿಸಿದರು. ಅಡಿಗಲ್ಲಿನಿಂದ ಅರ್ಪಣೆಯತನಕ ನಲವತ್ತೆರಡು ವರ್ಷ. ಮಗು ಹುಟ್ಟಿ, ಮದುವೆಯಾಗಿ, ಮೊಮ್ಮಕ್ಕಳನ್ನು ನಿರೀಕ್ಷಿಸುವಷ್ಟು ಕಾಲ ಒಂದು ಊರು ತನ್ನ ಕೊನೆಯನ್ನು ಕಾಯುತ್ತ ಕೂತಿತ್ತು. ಆ ಕಾಲದಲ್ಲಿ ಮನೆಗೆ ಸುಣ್ಣ ಹೊಡೆಯಬೇಕೋ ಬೇಡವೋ ಎಂಬುದೇ ಪ್ರಶ್ನೆ. ಹೇಗೂ ಮುಳುಗುವ ಮನೆ, ಮಾಡು ಯಾಕೆ ಕಟ್ಟಿಸಬೇಕು? ಹಾಗೆಂದು ಸೋರುವ ಮಾಡಿನ ಕೆಳಗೆ ಇಪ್ಪತ್ತು ಮಳೆಗಾಲ ಕಳೆಯಲಾಗುತ್ತದೆಯೇ?

ಸರ್ವೆಯವರು ಬಂದು ಕಲ್ಲು ನೆಟ್ಟರು. ಗೋಡೆಯ ಮೇಲೆ ನಂಬರು ಬಿತ್ತು. ನೋಟಿಸು ಬಂತು. ಪರಿಹಾರದ ಕಾಗದ, ಹಕ್ಕುಪತ್ರ, ವಕೀಲರ ಫೀಜು, ಒಂದೇ ಮನೆಗೆ ಮೂವರು ಅಣ್ಣತಮ್ಮಂದಿರ ಜಗಳ. ಇದರ ಬಗ್ಗೆ ಯಾವ ಆವೃತ್ತಿಯಲ್ಲೂ ಒಂದು ಸಾಲಿಲ್ಲ. ಅವರ ಲೋಕಾಂತ್ಯದಲ್ಲಿ ಸರ್ಕಾರ ಮೊದಲೇ ಸತ್ತಿರುತ್ತದೆ. ನಮ್ಮದರಲ್ಲಿ ಸರ್ಕಾರ ಒಂದೇ ಚೆನ್ನಾಗಿ ಬದುಕಿತ್ತು, ಊರು ಸತ್ತಿತು.

ನಾನು ಅಣೆಕಟ್ಟಿನ ವಿರೋಧಿಯಲ್ಲ. ಆ ನೀರು ವಿಜಯಪುರ, ರಾಯಚೂರು, ಯಾದಗಿರಿ ಕಡೆಯ ಎಷ್ಟೋ ಒಣಭೂಮಿಗೆ ಹರಿದಿದೆ, ನಮ್ಮ ಬಂಧುಗಳಲ್ಲೇ ಅದರಿಂದ ಉಂಡವರಿದ್ದಾರೆ. ನವನಗರವೂ ಕೆಟ್ಟ ಊರಲ್ಲ. ಅಗಲವಾದ ರಸ್ತೆ, ಗಿಡಮರ, ದವಾಖಾನೆ ಎಲ್ಲ ಇವೆ. ಆದರೆ ವಿಳಾಸ ಕೇಳಿದರೆ ಸೆಕ್ಟರ್ ನಂಬರು, ಪ್ಲಾಟ್ ನಂಬರು. ಹಳೆ ಓಣಿಯಲ್ಲಿ ಯಾರ ಮನೆಯ ಪಕ್ಕ ಯಾರ ಮನೆ ಎಂದು ಅಮ್ಮಾ ಇವತ್ತಿಗೂ ಮೂವತ್ತು ಮನೆ ಸಾಲಾಗಿ ಹೇಳುತ್ತಾಳೆ. ಬಡಿಗೇರರು, ಪಕ್ಕದಲ್ಲಿ ಬಾಗವಾನರು, ಆಚೆ ಸಾವಜಿಯವರು, ಅವರ ಎದುರು ಜೋಶಿಯವರು. ಹೊಸ ಊರಿನಲ್ಲಿ ಆ ಮೂವತ್ತು ಮನೆಗಳು ಮೂವತ್ತು ಕಡೆ. ಯಾರ ಮನೆಯ ಕಟ್ಟೆಯ ಮೇಲೆ ಪಗಡಿ ಹಾಸುತ್ತಿದ್ದರೋ ಅವರು ಈಗ ಬಸ್ಸು ಹತ್ತಿ ಭೇಟಿಯಾಗಬೇಕು. ಹಬ್ಬಕ್ಕೆ ಸುರಕುಂಬಾ ಕಳಿಸುವುದು, ದೀಪಾವಳಿಗೆ ಕರದಂಟು, ಚಕ್ಕುಲಿ ಬರುವುದು ನಿಂತೇಹೋಯಿತು ಎಂದಲ್ಲ. ಆದರೆ ಅದಕ್ಕೂ ಈಗ ಫೋನು ಮಾಡಿ ಮನೆಯಲ್ಲಿದ್ದೀರಾ ಎಂದು ಕೇಳಬೇಕು. ಅವಳ ತವರಿನವರು ಪುನರ್ವಸತಿ ಕೇಂದ್ರಕ್ಕೆ ಹೋದ ಮೊದಲ ಮೊಹರಮ್ಮಿಗೆ ಅಲಾಯಿ ಕುಣಿ ಎಲ್ಲಿ ತೋಡಬೇಕು ಎಂದು ತಿಳಿಯದೆ ನಿಂತಿದ್ದರಂತೆ. ನಕ್ಷೆಯಲ್ಲಿ ಗುಡಿಗೆ ಜಾಗ ಇತ್ತು, ಮಸೀದಿಗೆ ಜಾಗ ಇತ್ತು. ಎರಡೂ ಕಡೆಯವರು ಸೇರಿ ಬೆಂಕಿ ಹಾಕುವ ಕುಣಿಗೆ ಜಾಗ ಇರಲಿಲ್ಲ. ಕೊನೆಗೆ ಕುರುಬರ ಹಿರಿಯನೊಬ್ಬ ತನಗೆ ಬಂದ ಪ್ಲಾಟಿನಲ್ಲೇ ತೋಡಿರಿ ಎಂದನಂತೆ.

ಅಮ್ಮಾ ಇದನ್ನೆಲ್ಲ ಹೇಳುತ್ತಿದ್ದಾಗ ಹುಡುಗರ ದಾಳಗಳು ಚಾಪೆಯ ಮೇಲೆ ಸುಮ್ಮನೆ ಬಿದ್ದಿದ್ದವು. ಆರು, ಎಂಟು, ಹತ್ತು, ಹನ್ನೆರಡು ಮುಖದ ದಾಳಗಳು. “ನಾವು ಹುಣಸಿ ಬೀಜ ಒಡದ ಆಡತಿದ್ವಿ, ಇಷ್ಟ ಮುಖ ಯಾಕ ಬೇಕು?” ಎಂದು ಅವಳು ಒಂದನ್ನು ತಿರುಗಿಸಿ ನೋಡಿದಳು.

ಬಾದಾಮಿಯ ಹುಡುಗ ತನ್ನ ಊರಿನ ಸರದಿ ಬಂದಾಗ ನಕ್ಕ. “ನಮ್ಮೂರು ಮುಗದ ಹದಿಮೂರನೂರಾ ಎಂಬತ್ತ ವರ್ಷ ಆತ್ರಿ ಮಾಮಾ” ಎಂದ. ಅವನು ಹೇಳಿದ್ದು ಸರಿ. 642ರಲ್ಲಿ ಪಲ್ಲವರ ನರಸಿಂಹವರ್ಮ ವಾತಾಪಿಯನ್ನು ಹಿಡಿದು, ಬಂಡೆಯ ಮೇಲೆ ತನ್ನ ಶಾಸನ ಕೆತ್ತಿಸಿ ಹೋದ. ಪುಲಿಕೇಶಿಯ ರಾಜಧಾನಿ ಹತ್ತು ಹನ್ನೆರಡು ವರ್ಷ ಪರರ ಕೈಯಲ್ಲಿತ್ತು. ಆಮೇಲೆ ವಿಕ್ರಮಾದಿತ್ಯ ಮರಳಿ ಪಡೆದ. ಆಮೇಲೆ ಚಾಲುಕ್ಯರೇ ಹೋದರು. ಬಂದವರೆಲ್ಲ ಹೋದರು. ಅಗಸ್ತ್ಯತೀರ್ಥದ ದಂಡೆಯಲ್ಲಿ ಈಗ ಗುಹೆಗಳೂ ಇವೆ, ದರ್ಗಾವೂ ಇದೆ, ಬಟ್ಟೆ ಒಗೆಯುವ ಹೆಂಗಸರೂ ಇದ್ದಾರೆ. ಲೋಕ ಮುಗಿದ ಮೇಲೆ ಜಗತ್ತು ಯಾರ ಪಾಲಾಗುತ್ತದೆ ಎಂದು ಗಾಮಾ ವರ್ಲ್ಡಿನವರು ತಲೆ ಕೆಡಿಸಿಕೊಳ್ಳಬೇಕಿರಲಿಲ್ಲ. ಬಾದಾಮಿಗೆ ಬಂದಿದ್ದರೆ ಮಂಗಗಳು ಕೈಯಲ್ಲಿದ್ದ ಬಾಳೆಹಣ್ಣು ಕಸಿದುಕೊಂಡು ತಾವೇ ಉತ್ತರ ಹೇಳುತ್ತಿದ್ದವು.

ಹುನಗುಂದದ ಹುಡುಗನಿಗೆ ಈ ಆವೃತ್ತಿಯಲ್ಲಿ ನೆಲೆ ಕಟ್ಟಿಕೊಳ್ಳುವ ನಿಯಮಗಳ ಮೇಲೆ ಪ್ರೀತಿ. ಎಲ್ಲೋ ಒಂದು ಹಾಳು ಕಟ್ಟಡ ಹುಡುಕಿ, ಅದನ್ನು ಭದ್ರ ಮಾಡಿ, ಬೇಸಾಯ ಮಾಡಿ, ಇದೇ ನಮ್ಮ ಊರು ಎನ್ನಬಹುದು. ಅವನು ಕೂಡಲಸಂಗಮವನ್ನು ಆರಿಸಿದ. ನಾರಾಯಣಪುರದ ಜಲಾಶಯದ ನೀರು ಏರುತ್ತದೆಂದು ಅಲ್ಲಿ ಬಸವಣ್ಣನವರ ಐಕ್ಯಮಂಟಪದ ಸುತ್ತ ಬಾವಿಯಂಥ ಎತ್ತರದ ಗೋಡೆ ಕಟ್ಟಿ ಉಳಿಸಿದ್ದಾರೆ. ಹೊರಗೆ ನೀರು, ಮೆಟ್ಟಿಲಿಳಿದು ಹೋದರೆ ಒಳಗೆ ಮಂಟಪ. ಲೋಕಾಂತ್ಯದಲ್ಲಿ ಅಡಗಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ ಎಂದು ಅವನ ವಾದ. ಬಾದಾಮಿಯವನು ಬೇಡವೆಂದ, ಅವನಿಗೆ ಮಲಪ್ರಭೆಯ ದಂಡೆಯ ಆಸರೆ ಮನೆಗಳು ಬೇಕಿದ್ದವು. 2009ರ ಮಹಾಪೂರದ ನಂತರ ಸರ್ಕಾರ ಕಟ್ಟಿಸಿದ ಮನೆಗಳವು. ಎಷ್ಟೋ ಊರಿನ ಜನ ಹೋಗಿ ನೆಲೆಸಲೇ ಇಲ್ಲ. ದನ ಕಟ್ಟಲು ಜಾಗ ಇಲ್ಲ, ಹೊಲ ದೂರ ಎಂದು ಹಳೆಯ ಮಣ್ಣಿನ ಮನೆಗೇ ಮರಳಿದರು. 2019ರ ಆಗಸ್ಟಿನಲ್ಲಿ ಮತ್ತೆ ಪೂರ ಬಂದು ಪಟ್ಟದಕಲ್ಲಿನ ಗುಡಿಗಳ ಅಂಗಳದಲ್ಲೇ ನೀರು ನಿಂತಿತು. “ಖಾಲಿ ಮನಿ ರೆಡಿ ಅದಾವಲ್ಲ, ಬಾಂಬ್ ಬಿದ್ದ ಮ್ಯಾಲಾದ್ರೂ ಮಂದಿ ಬರತಾರ” ಎಂದ. ಎಲ್ಲರೂ ನಕ್ಕೆವು.

ಇಳಕಲ್ಲಿನವನ ಪಾಡು ಬೇರೆ. ಈ ಆಟದಲ್ಲಿ ಮೊದಲಿನಿಂದಲೂ ಪೆಟ್ರೋಲು ಸಿಗುವುದಿಲ್ಲ. ಭಟ್ಟಿ ಹಾಕಿ ಸಾರಾಯಿ ಇಳಿಸಿ, ಅದನ್ನೇ ಗಾಡಿಗೆ ಹಾಕಿ ಓಡಿಸಬೇಕು. ಇದು 1984ರಿಂದಲೂ ಈ ಆಟದ ಹೆಗ್ಗುರುತು. ಇಳಕಲ್ಲಿನಲ್ಲಿ ಭಟ್ಟಿ ಹಾಕೋಣ ಎಂದಾಗ ಅವನು ಕೈ ಮುಗಿದ. 1975ರಿಂದ ಅಲ್ಲಿನ ಮಹಾಂತಸ್ವಾಮಿಗಳು ಜೋಳಿಗೆ ಹಿಡಿದು ಓಣಿ ಓಣಿ ತಿರುಗಿ, ಜನರ ದುಶ್ಚಟಗಳನ್ನೇ ಭಿಕ್ಷೆ ಬೇಡಿದವರು. 2018ರಲ್ಲಿ ಅವರು ತೀರಿಕೊಂಡರು. “ಅಪ್ಪಾರ ಊರಾಗ ಭಟ್ಟಿ ಹಾಕಿದ್ರ ಲೋಕ ಮುಗದಿದ್ರೂ ನಮ್ಮವ್ವ ನನ್ನ ಮನೀ ಹೊರಗ ಹಾಕ್ತಾಳ” ಎಂದ. ಭಟ್ಟಿ ಹುನಗುಂದಕ್ಕೆ ಹೋಯಿತು.

ಅವನು ಎತ್ತಿದ ಇನ್ನೊಂದು ಪ್ರಶ್ನೆಯೇ ನನ್ನ ಮನಸ್ಸಿನಲ್ಲಿ ಉಳಿದದ್ದು. ಹನ್ನೆರಡು ಕೌಶಲಗಳಲ್ಲಿ ನೇಯುವುದು ಇಲ್ಲ. ಯಂತ್ರದ ಕೆಲಸ ಎಂಬ ಒಂದೇ ಚೀಲದಲ್ಲಿ ಟ್ಯಾಂಕು ರಿಪೇರಿಯೂ ಮಗ್ಗವೂ ಒಟ್ಟಿಗೆ. ಇಳಕಲ್ ಸೀರೆಗೆ 2007ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಅದರ ಜೀವ ಇರುವುದು ಸೆರಗಿನ ಕೊಂಡಿಯಲ್ಲಿ. ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲಿನ ಒಂದೊಂದು ಎಳೆಯ ಕುಣಿಕೆಯೊಳಗೆ ಸೆರಗಿನ ರೇಷ್ಮೆ ಎಳೆಯ ಕುಣಿಕೆ ತೂರಿಸಿ, ಸಾವಿರಾರು ಕೊಂಡಿ ಕೈಯಿಂದಲೇ ಹಾಕಬೇಕು. ಒಂದು ಬಿಟ್ಟರೆ ಅಲ್ಲಿ ಸೀರೆ ಬಿಡುತ್ತದೆ. ಈ ಕೆಲಸವನ್ನು ಅವರ ಮನೆಯ ಹೆಂಗಸರು ಮಾಡುತ್ತಾರೆ. “ಎಲ್ಲಾ ಮುಗದ ಮ್ಯಾಲೆ ಮೈಮ್ಯಾಲೆ ಏನ್ ಹಾಕ್ಕೋತಾರ್ರೀ ಇವರು? ಹತ್ತ ವರ್ಷ ಅದೇ ಮಿಲಿಟರಿ ಪ್ಯಾಂಟೇನು?” ಎಂದು ಅವನು ಕೇಳಿದಾಗ ಪುಸ್ತಕದಲ್ಲಿ ಯಾರಿಗೂ ಉತ್ತರ ಸಿಗಲಿಲ್ಲ.

ತಂಗಿಯ ಮಗ ಸುಮ್ಮನೆ ಒಪ್ಪುವವನಲ್ಲ. “ಮಾಮೂ, ಆಟ ಅಂದ್ರ ಆಟ. ಖಬರಸ್ತಾನ, ಮಗ್ಗ, ಬಾಜೂ ಮನಿ ಅಂತ ಹಾಕಿದ್ರ ಮಂದಿ ಅಳಕೋತ ಕೂಡತಾರ. ಗುಂಡು ಹಾರಬೇಕು, ಆಗ ಕೈ ನಡಗತಾವ. ದುಡ್ಡು ಕೊಟ್ಟು ತಗೊಂಡಾವ್ರಿಗೆ ಅದು ಬೇಕು” ಎಂದ. ಅವನ ಮಾತಿನಲ್ಲಿ ಹುರುಳಿದೆ. ಆಟಕ್ಕೆ ಭಯ ಬೇಕು. ಮುಳುಗಡೆಯ ನಿಜವಾದ ಭಯ ಕೈ ನಡುಗಿಸುವಂಥದ್ದಲ್ಲ. ಅದು ಕಚೇರಿಯೊಂದರ ಹೊರಗೆ ಬೆಂಚಿನ ಮೇಲೆ ಹನ್ನೊಂದು ಗಂಟೆಯಿಂದ ನಾಲ್ಕು ಗಂಟೆಯತನಕ ಕೂರುವ ಭಯ. ಅದನ್ನು ಯಾರು ದುಡ್ಡು ಕೊಟ್ಟು ಆಡುತ್ತಾರೆ?

ಆದರೂ ನನ್ನ ತಕರಾರು ನಿಂತಿದೆ. ನಮ್ಮಲ್ಲಿ ಒಂದು ಹದೀಸ್ ಇದೆ, ಮಸೀದಿಯ ಬಯಾನುಗಳಲ್ಲಿ ಅನೇಕರು ಕೇಳಿರುತ್ತಾರೆ. ಖಯಾಮತ್ತಿನ ಗಳಿಗೆ ಬಂದೇ ಬಂತು, ಕೈಯಲ್ಲಿ ಒಂದು ಖರ್ಜೂರದ ಸಸಿ ಇದೆ ಎಂದಾದರೆ, ಆಗುವುದಾದರೆ ಅದನ್ನು ನೆಟ್ಟೇಬಿಡಬೇಕು ಎಂಬ ಅರ್ಥದ ಮಾತು. ಹಣ್ಣು ತಿನ್ನುವವರು ಯಾರು ಎಂಬ ಪ್ರಶ್ನೆಯೇ ಅಲ್ಲಿಲ್ಲ. ಈ ಆವೃತ್ತಿಯಲ್ಲಿ ನೆಲೆ ಕಟ್ಟುವುದಿದೆ, ಬೇಸಾಯ ಇದೆ, ಆದರೆ ಎಲ್ಲವೂ ತಮ್ಮ ಗುಂಪು ಬದುಕಲಿಕ್ಕಾಗಿ. ಬೇರೆಯವರಿಗಾಗಿ ನೆಟ್ಟರೆ ಏನಾಗುತ್ತದೆ, ಸತ್ತವರಿಗೆ ಮಣ್ಣು ಕೊಟ್ಟರೆ ಏನಾಗುತ್ತದೆ ಎಂದು ದಾಳ ಎಸೆಯಲು ಒಂದು ಜಾಗ ಇಲ್ಲ. ಸಿಪಾಯಿಗಳು ಹತ್ತು ಹೆಣ ದಾಟಿ ಹೋದರೂ ಆಟ ಅವರನ್ನು ತಡೆದು ಕೇಳುವುದಿಲ್ಲ. ಪಾರಿಜಾತದ ಭಾಗವತನಾಗಿದ್ದರೆ ತಡೆದು ಕೇಳುತ್ತಿದ್ದ.

ಹುಡುಗರು ಹಬ್ಬ ಮುಗಿಸಿ ಹೋಗುವ ಮೊದಲು ತಮ್ಮ ನಕಾಶೆಗೆ ಮೂರು ನಿಯಮ ಸೇರಿಸಿದರು. ಹೆಣ ಸಿಕ್ಕಲ್ಲಿ ಒಂದು ಪಾಳಿ ನಿಂತು ಮಣ್ಣು ಕೊಡಬಹುದು ಅಥವಾ ಸುಡಬಹುದು. ಕೊಟ್ಟರೆ ಆ ಊರಿನ ಎಲೆ ಮುಂದಿನ ಸಲ ವೈರಿಯಾಗಿ ಬರುವುದಿಲ್ಲ. ನೆಲೆ ಕಟ್ಟುವಾಗ ಯಾರ ಪಕ್ಕ ಯಾರು ಎಂದು ಬರೆದಿಡಬೇಕು, ಗುಂಪು ಒಡೆದು ಬೇರೆ ಬೇರೆ ಮನೆಗೆ ಹೋದರೆ ಜೊತೆಗಾರನಿಂದ ಸಿಗುವ ಲಾಭ ಹೋಗುತ್ತದೆ. ಐವತ್ತೆರಡು ಎಲೆಗಳ ಕಟ್ಟಿಗೆ ಐವತ್ತಮೂರನೆಯದನ್ನು ಹುನಗುಂದದವನು ರಟ್ಟು ಕತ್ತರಿಸಿ ಮಾಡಿದ. ಅದರ ಮೇಲೆ ಬರೆದಿರುವುದು ಒಂದೇ ಶಬ್ದ, ನೋಟಿಸು. ಅದು ಬಂದರೆ ಕಟ್ಟಿದ್ದನ್ನೆಲ್ಲ ಬಿಟ್ಟು ಎದ್ದು ಹೋಗಬೇಕು, ಆದರೆ ಯಾವ ದಿನ ಎಂದು ಹೇಳುವುದಿಲ್ಲ. ಇಳಕಲ್ಲಿನವನು ಅಮ್ಮಾಳ ಹೆಸರಿನಲ್ಲಿ ಒಂದು ಪಾತ್ರದ ಹಾಳೆ ತುಂಬಿದ. ಬಲ ಕಡಿಮೆ, ಬುದ್ಧಿಗೆ ಹತ್ತು ಮುಖದ ದಾಳ, ನಾಲ್ಕನೆಯ ಗುಣಕ್ಕೆ ಹನ್ನೆರಡು ಮುಖದ್ದು. ದೊಡ್ಡ ಕನಸು ಏನು ಎಂದು ಕೇಳಿದ್ದಕ್ಕೆ ಅವಳು, “ಬ್ಯಾಸಗ್ಯಾಗ ನೀರು ಪೂರಾ ಒಮ್ಮಿ ಇಳೀಬೇಕು” ಎಂದಳು. ಅವನು ಹಾಗೇ ಬರೆದುಕೊಂಡ.

ಒಂದು ವಿಷಯ ಮಾತ್ರ ತೀರ್ಮಾನವಾಗಲಿಲ್ಲ. ನಕಾಶೆಯಲ್ಲಿ ನೀಲಿ ಗೆರೆಯನ್ನು ಎಲ್ಲಿಯವರೆಗೆ ಎಳೆಯಬೇಕು? ಕೃಷ್ಣಾ ಎರಡನೆಯ ನ್ಯಾಯಮಂಡಳಿ 2010ರ ಡಿಸೆಂಬರಿನಲ್ಲಿ ಆಲಮಟ್ಟಿಯ ಮಟ್ಟವನ್ನು 524.256 ಮೀಟರಿಗೆ ಏರಿಸಲು ಒಪ್ಪಿತು. ತೀರ್ಪು ಸುಪ್ರೀಂ ಕೋರ್ಟಿನ ತಡೆಯಿಂದಾಗಿ ಗೆಜೆಟ್ಟಿನಲ್ಲಿ ಬರದೆ ವರ್ಷಗಟ್ಟಲೆ ನಿಂತಿತು. 2025ರ ಸೆಪ್ಟೆಂಬರಿನಲ್ಲಿ ರಾಜ್ಯದ ಸಂಪುಟ ಮುಳುಗುವ ನೀರಾವರಿ ಭೂಮಿಗೆ ಎಕರೆಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ ರೂಪಾಯಿ ದರ ನಿಗದಿ ಮಾಡಿತು. ಎರಡು ಮಟ್ಟಗಳ ನಡುವಿನ ಅಂತರ ನಾಲ್ಕೂವರೆ ಮೀಟರಿಗಿಂತ ಸ್ವಲ್ಪ ಹೆಚ್ಚು, ಒಂದು ಮಾಳಿಗೆ ಮನೆಯ ಎತ್ತರ. ಆ ಒಂದು ಮಾಳಿಗೆಯ ಎತ್ತರದಲ್ಲಿ ಇನ್ನಷ್ಟು ಹಳ್ಳಿಗಳಿವೆ, ಹಳೆ ಬಾಗಲಕೋಟೆಯಲ್ಲಿ ಉಳಿದ ಓಣಿಗಳಿವೆ, ಅವುಗಳಲ್ಲಿ ಈಗಲೂ ಜನ ಮನೆಗೆ ಸುಣ್ಣ ಹೊಡೆಯಬೇಕೋ ಬೇಡವೋ ಎಂದು ಯೋಚಿಸುತ್ತಿದ್ದಾರೆ. ಬಾಂಬು ಎಲ್ಲಿ ಬೀಳಬೇಕು ಎಂಬುದನ್ನು ಹುಡುಗರು ಐದು ನಿಮಿಷದಲ್ಲಿ ನಿರ್ಧರಿಸಿದ್ದರು. ಗೆರೆಯ ವಿಷಯದಲ್ಲಿ ಒಂದು ತಾಸು ವಾದ ಮಾಡಿ, 519.60ರ ಗೆರೆಯನ್ನು ಸ್ಕೆಚ್ ಪೆನ್ನಿನಲ್ಲಿ, ಅದರ ಆಚೆಯ ಇನ್ನೊಂದು ಗೆರೆಯನ್ನು ಪೆನ್ಸಿಲ್ಲಿನಲ್ಲಿ ಎಳೆದು, ನಕಾಶೆಯನ್ನು ಸುರುಳಿ ಸುತ್ತಿ ನಮ್ಮ ಅಟ್ಟದ ಮೇಲೆ ಇಟ್ಟು ಹೋಗಿದ್ದಾರೆ.